ಎದೆಹಾಲುಣ್ಣುವ ಶಿಶುವಿನಲ್ಲಿ ಮಾಸದ ಕಾಮಾಲೆ

ಹುಟ್ಟಿದ ಎರಡು ಮೂರು ದಿನಗಳಲ್ಲಿ ಮೈ ಹಳದಿಯಾಗುವುದು ಅರ್ಧಕ್ಕಿಂತ ಹೆಚ್ಚು ಶಿಶುಗಳಲ್ಲಿ ಕಂಡುಬರುವ ಸಂಗತಿ. ಬಹುಮಟ್ಟಿಗೆ ಅದು ಎರಡು ವಾರಗಳೊಳಗೆ ಮರೆಯಾಗುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಮಗುವಿನಲ್ಲಿ 14 ದಿನಗಳನ್ನು, ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ 21 ದಿನಗಳನ್ನು ದಾಟಿಯೂ ಉಳಿದರೆ ಅದನ್ನು ದೀರ್ಘಕಾಲದ ಕಾಮಾಲೆ ಎನ್ನುತ್ತೇವೆ. ಎದೆಹಾಲನ್ನಷ್ಟೇ ಕುಡಿಯುವ ಮಕ್ಕಳಲ್ಲಿ ಇದು ಹೆಚ್ಚು.

ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತದೊಡನೆ ಕರುಳಿಗೆ ಸಾಗಿಸುತ್ತದೆ. ಎದೆಹಾಲಿನ ಕೆಲವು ಅಂಶಗಳಿಂದಾಗಿ ಅದರಲ್ಲಿ ಒಂದು ಪಾಲು ಕರುಳಿನಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ಹಾಲು ಕೆಟ್ಟಿದೆಯೆಂದು ಇದರರ್ಥವಲ್ಲ. ಬಾಣಂತಿಯ ಊಟದಲ್ಲಿನ ಅರಿಸಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗು ಚೆನ್ನಾಗಿ ಕುಡಿಯುತ್ತ, ತೂಕ ಏರುತ್ತ, ದಿನಕ್ಕೆ ಆರಾದರೂ ಬಾರಿ ಮೂತ್ರ ಮಾಡುತ್ತಿದ್ದರೆ, ಈ ಬಗೆಯ ಕಾಮಾಲೆಗೆ ಸಾಮಾನ್ಯವಾಗಿ ಔಷಧಿ ಬೇಡ. ಹಾಲು ನಿಲ್ಲಿಸುವುದೂ ಬೇಡ. ಪೂರ್ತಿ ಮಾಸಲು ಕೆಲವೊಮ್ಮೆ 12 ವಾರಗಳೇ ಹಿಡಿಯುತ್ತವೆ. ಮೊದಲ ವಾರದಲ್ಲಿ ಹಾಲು ಸಾಲದೆ ಬರುವ ಕಾಮಾಲೆ ಬೇರೆ; ಅದಕ್ಕೆ ದಿನಕ್ಕೆ 8ರಿಂದ 12 ಬಾರಿ ಹಾಲೂಡಿಸುವುದೇ ಮುಖ್ಯ ಪರಿಹಾರ. ಸಕ್ಕರೆನೀರು, ಗ್ಲೂಕೋಸ್ ನೀರು ಕೊಟ್ಟರೆ ಮಗು ಹಾಲನ್ನು ಇನ್ನಷ್ಟು ಕಡಿಮೆ ಕುಡಿಯುತ್ತದೆ.

ಆದರೆ ‘ಎದೆಹಾಲಿನ ಕಾಮಾಲೆ’ ಎಂಬುದು ಉಳಿದ ಕಾರಣಗಳನ್ನು ತಳ್ಳಿಹಾಕಿದ ಮೇಲೆ ಹೇಳಬೇಕಾದ ಮಾತು. ಬಾಣಂತನಕ್ಕೆ ಊರಿನಿಂದ ಬಂದ ಅಜ್ಜಿ "ನನ್ನ ಮಕ್ಕಳಿಗೂ ಹೀಗೇ ಆಗಿತ್ತು" ಎಂದರೆ ಅದು ನಿಜವೇ ಇರಬಹುದು, ಪರೀಕ್ಷೆಗೆ ಬದಲಿಯಾಗದು. ನಾವು ಅಂಜುವುದು ಬಿಲಿಯರಿ ಅಟ್ರೀಸಿಯಾಕ್ಕೆ, ಅಂದರೆ ಪಿತ್ತನಾಳಗಳು ಮುಚ್ಚಿಹೋಗುವ ವಿರಳ ರೋಗಕ್ಕೆ. ಮೊದಲ ವಾರಗಳಲ್ಲಿ ಆ ಮಗುವೂ ಆರೋಗ್ಯವಾಗಿಯೇ ಕಾಣುತ್ತದೆ, ಮೋಸವಿರುವುದು ಇಲ್ಲಿ. ಸುಳಿವು ಸಿಗುವುದು ಬಟ್ಟೆಯಲ್ಲಿ: ಸುಣ್ಣ ಅಥವಾ ಜೇಡಿಯಂತೆ ಬಿಳಚಿದ ಮಲ, ಬಟ್ಟೆಗೆ ಹಳದಿ ಕಲೆ ಹತ್ತಿಸುವ ಗಾಢ ಮೂತ್ರ. ಜಪಾನಿನ ಮೊರಿಯೊ ಕಸಾಯಿ ಅವರು 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆ ಇದಕ್ಕಿದೆ. ಮಗುವಿಗೆ ಸುಮಾರು 60 ದಿನ ತುಂಬುವ ಮೊದಲೇ ಅದನ್ನು ಮಾಡಿದರೆ ಫಲಿತಾಂಶ ಉತ್ತಮ.

ಆದ್ದರಿಂದ ಒಟ್ಟು ಬಿಲಿರುಬಿನ್ ಮಾತ್ರವಲ್ಲದೆ ‘ಡೈರೆಕ್ಟ್’ ಬಿಲಿರುಬಿನ್ನನ್ನೂ ಅಳೆಯಿಸಿ. ಬ್ರಿಟನ್ನಿನಲ್ಲಿ ಎರಡು ವಾರ ದಾಟಿದರೆ ಈ ಪರೀಕ್ಷೆ ಮಾಡುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿ ಎದೆಹಾಲಿನ ಮಕ್ಕಳಿಗೆ ಮೂರರಿಂದ ನಾಲ್ಕು ವಾರವೆನ್ನುತ್ತದೆ. ನನಗೆ ಮೊದಲನೆಯದೇ ಹೆಚ್ಚು ಒಪ್ಪಿಗೆ. ಥೈರಾಯ್ಡ್ ಕೊರತೆ, ಮೂತ್ರದ ಸೋಂಕು, ಜಿ6ಪಿಡಿ ಕಿಣ್ವದ ಕೊರತೆಗಳನ್ನೂ ಆಗಲೇ ನೋಡಬೇಕು. ಈ ಕೊನೆಯ ಕೊರತೆಯಿರುವ ಮಗುವಿಗೆ ನ್ಯಾಫ್ತಲೀನ್ ಗುಳಿಗೆಗಳ ನಡುವೆ ಇಟ್ಟಿದ್ದ ಹಳೆಯ ಬಟ್ಟೆ, ಕೌದಿ ಅಪಾಯಕಾರಿ. ರಕ್ತಕಣಗಳು ಒಮ್ಮೆಗೇ ಒಡೆಯಬಹುದು.

ನಮ್ಮ ಕಂದು ಮೈಬಣ್ಣದಲ್ಲಿ ಹಳದಿ ಸುಲಭವಾಗಿ ಗೊತ್ತಾಗುವುದಿಲ್ಲ. ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗವನ್ನೂ ಒಸಡನ್ನೂ ನೋಡಿ. ಬಿಲಿರುಬಿನ್ ಮಿತಿ ಮೀರಿದಾಗ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಚಿಕಿತ್ಸೆ ಕೊಡುತ್ತಾರೆ. ಎಳೆಬಿಸಿಲು ಅದಕ್ಕೆ ಸಮನಲ್ಲ, ಬೆತ್ತಲೆ ಮಗುವಿಗೆ ಚಳಿಯೂ ಬಿಸಿಲಿನ ಸುಡುವಿಕೆಯೂ ತಗಲಬಹುದು. ಮಗು ಮಂಕಾಗಿ ಹಾಲು ಬಿಟ್ಟರೆ, ಜ್ವರ ಬಂದರೆ, ಕೀರಲು ದನಿಯಲ್ಲಿ ಅತ್ತರೆ ಅಥವಾ ಮೈಯನ್ನು ಹಿಂದಕ್ಕೆ ಬಿಲ್ಲಿನಂತೆ ಸೆಟೆದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ.