ದಿನಚರಿ ಮತ್ತು ಪುರಸ್ಕಾರ: ಉರ್ಸುಲಾ ಲೆ ಗ್ವಿನ್ ಅವರ ಬರವಣಿಗೆಯ ಬದುಕು

ಅದ್ಭುತರಮ್ಯ ಕಾದಂಬರಿ, ವಿಜ್ಞಾನ ಕಥೆ, ಪತ್ತೇದಾರಿ ಕಥೆ ಮೊದಲಾದವುಗಳನ್ನು ಸಾಹಿತ್ಯದ ಮುಖ್ಯಧಾರೆಯಿಂದ ಬೇರೆಯಾಗಿ ಎಣಿಸುವ ಪದ್ಧತಿ ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಅಗ್ಗದ ಕಾಗದದ ಕಥಾಪತ್ರಿಕೆಗಳ ಕಾಲದಲ್ಲಿ ಗಟ್ಟಿಗೊಂಡಿತು. ಕನ್ನಡ ವಿಮರ್ಶೆಯಲ್ಲಿ ಬಳಕೆಯಲ್ಲಿರುವ ‘ಜನಪ್ರಿಯ ಸಾಹಿತ್ಯ’ ಎಂಬ ಮಾತು ಇದಕ್ಕೆ ಸಮೀಪದ್ದಾದರೂ ಸಮಾನಾರ್ಥಕವಲ್ಲ. ಅಲ್ಲಿ ವಿಂಗಡಣೆಗೆ ಆಧಾರ ಓದುಗರ ಸಂಖ್ಯೆಯಲ್ಲ. ಕೃತಿಯ ವಸ್ತು ಮತ್ತು ಪುಸ್ತಕದಂಗಡಿಯಲ್ಲಿ ಅದಕ್ಕೆ ದೊರೆಯುವ ಕಪಾಟು. ಹೀಗೆ ಹೊರಗಿಡಲ್ಪಟ್ಟ ಲೇಖಕರು ಮತ್ತು ಓದುಗರು ತಮ್ಮದೇ ಪತ್ರಿಕೆಗಳನ್ನು, ಸಮ್ಮೇಳನಗಳನ್ನು, ಕೊನೆಗೆ ತಮ್ಮದೇ ಪ್ರಶಸ್ತಿಗಳನ್ನು ಕಟ್ಟಿಕೊಂಡರು. ಈ ಪ್ರಶಸ್ತಿಗಳು ಒಬ್ಬ ಲೇಖಕಿಯ ನಿತ್ಯದ ದುಡಿಮೆಯಲ್ಲಿ ಯಾವುದನ್ನು ಗುರುತಿಸಿದವು, ಯಾವುದನ್ನು ಗುರುತಿಸಲಿಲ್ಲ ಎಂಬ ಪ್ರಶ್ನೆಯನ್ನು ಉರ್ಸುಲಾ ಕೆ. ಲೆ ಗ್ವಿನ್ (1929–2018) ಅವರ ಬದುಕಿನ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಮೊದಲು ಪ್ರಶಸ್ತಿಗಳ ಸ್ವರೂಪ. ಹ್ಯೂಗೊ ಪ್ರಶಸ್ತಿಯನ್ನು ಮೊದಲು ನೀಡಿದ್ದು 1953ರಲ್ಲಿ, ಫಿಲಡೆಲ್ಫಿಯಾದಲ್ಲಿ ನಡೆದ ವಿಶ್ವ ವಿಜ್ಞಾನಕಥಾ ಸಮ್ಮೇಳನದಲ್ಲಿ. ಪತ್ರಿಕಾ ಸಂಪಾದಕ ಹ್ಯೂಗೊ ಗರ್ನ್ಸ್‌ಬ್ಯಾಕ್ ಅವರ ಹೆಸರನ್ನು ಹೊತ್ತ ಈ ಪ್ರಶಸ್ತಿಗೆ ತೀರ್ಪುಗಾರರ ಮಂಡಳಿ ಇಲ್ಲ. ಸಮ್ಮೇಳನದ ಸದಸ್ಯತ್ವ ಪಡೆದ ಓದುಗರೇ ನಾಮನಿರ್ದೇಶನ ಮಾಡಿ, ಆದ್ಯತೆಯ ಕ್ರಮದಲ್ಲಿ ಮತ ಹಾಕುತ್ತಾರೆ. ಯಾವ ಕೃತಿಯೂ ಅರ್ಹವಲ್ಲವೆನಿಸಿದರೆ ‘ಯಾರಿಗೂ ಬೇಡ’ ಎಂದು ಮತ ನೀಡುವ ಅವಕಾಶವೂ ಉಂಟು. 2015ರಲ್ಲಿ ಗುಂಪುಗಾರಿಕೆಯಿಂದ ನಾಮನಿರ್ದೇಶನ ಪಟ್ಟಿಯನ್ನು ಆಕ್ರಮಿಸುವ ಪ್ರಯತ್ನ ನಡೆದಾಗ, ಐದು ವಿಭಾಗಗಳಲ್ಲಿ ಮತದಾರರು ಈ ಅಧಿಕಾರವನ್ನೇ ಚಲಾಯಿಸಿದರು. ನೆಬ್ಯುಲಾ ಪ್ರಶಸ್ತಿಯ ಕ್ರಮ ಬೇರೆ. 1965ರಲ್ಲಿ ಸ್ಥಾಪನೆಯಾದ ಅಮೆರಿಕದ ವಿಜ್ಞಾನಕಥಾ ಲೇಖಕರ ಸಂಘದ ಸದಸ್ಯರು, ಅಂದರೆ ಸಹಲೇಖಕರು, ಇದನ್ನು ನಿರ್ಧರಿಸುತ್ತಾರೆ. 1975ರಲ್ಲಿ ಆರಂಭವಾದ ವಿಶ್ವ ಫ್ಯಾಂಟಸಿ ಪ್ರಶಸ್ತಿಯ ನಿರ್ಣಯ ತೀರ್ಪುಗಾರರದು. ಓದುಗ, ಸಹಲೇಖಕ, ತೀರ್ಪುಗಾರ ಎಂಬ ಈ ಮೂರೂ ಬಗೆಯ ಮನ್ನಣೆ ಲೆ ಗ್ವಿನ್ ಅವರಿಗೆ ದೊರೆಯಿತು.

ಲೆ ಗ್ವಿನ್ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಜನಿಸಿದರು. ತಂದೆ ಆಲ್‌ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ತಾಯಿ ಥಿಯೊಡೋರಾ ಕ್ರೋಬರ್ ಲೇಖಕಿ. 1953ರಲ್ಲಿ ಇತಿಹಾಸಕಾರ ಚಾರ್ಲ್ಸ್ ಲೆ ಗ್ವಿನ್ ಅವರನ್ನು ಪ್ಯಾರಿಸ್‌ನಲ್ಲಿ ವಿವಾಹವಾದ ಅವರು ಮುಂದೆ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ನೆಲೆಸಿದರು. 1957ರಿಂದ 1964ರ ಅವಧಿಯಲ್ಲಿ ಮೂವರು ಮಕ್ಕಳ ತಾಯಿಯಾದರು. ಅವರ ಮೊದಲ ಅದ್ಭುತರಮ್ಯ ಕಥೆ ಪತ್ರಿಕೆಯಲ್ಲಿ ಪ್ರಕಟವಾದದ್ದು 1962ರಲ್ಲಿ. ದ್ವೀಪಸಮೂಹವೊಂದರ ಮಾಂತ್ರಿಕ ಬಾಲಕನ ಕಥೆಯಾದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ 1968ರಲ್ಲಿ ಹೊರಬಂದಿತು. ಮರುವರ್ಷವೇ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಪ್ರಕಟವಾಯಿತು. ಅಂದರೆ ಅವರ ಕೀರ್ತಿಗೆ ಅಡಿಪಾಯವಾದ ಕೃತಿಗಳು ರಚನೆಯಾದದ್ದು ಚಿಕ್ಕ ಮಕ್ಕಳಿದ್ದ ಮನೆಯಲ್ಲಿ. ಆ ವರ್ಷಗಳಲ್ಲಿ ಅವರು ಬರೆಯುತ್ತಿದ್ದುದು ರಾತ್ರಿ, ಮಕ್ಕಳು ಮಲಗಿದ ಮೇಲೆ.

1988ರ ಒಂದು ಸಂದರ್ಶನದಲ್ಲಿ ಲೆ ಗ್ವಿನ್ ತಮಗೆ ಆದರ್ಶವೆನಿಸಿದ ದಿನಚರಿಯನ್ನು ವಿವರಿಸಿದ್ದಾರೆ. ಬೆಳಿಗ್ಗೆ 5.30ಕ್ಕೆ ಎಚ್ಚರ, ಹಾಸಿಗೆಯಲ್ಲಿಯೇ ಯೋಚಿಸುತ್ತ ಮಲಗಿರುವುದು. 6.15ಕ್ಕೆ ಎದ್ದು ಹೊಟ್ಟೆ ತುಂಬ ಉಪಾಹಾರ. 7.15ರಿಂದ ಮಧ್ಯಾಹ್ನದವರೆಗೆ ಬರವಣಿಗೆ. ಊಟದ ನಂತರ ಒಂದರಿಂದ ಮೂರರವರೆಗೆ ಓದು ಮತ್ತು ಸಂಗೀತ, ಮೂರರಿಂದ ಐದರವರೆಗೆ ಪತ್ರವ್ಯವಹಾರ, ಸಾಧ್ಯವಾದರೆ ಮನೆ ಶುಚಿಗೊಳಿಸುವುದು. ಐದರಿಂದ ಎಂಟರವರೆಗೆ ಅಡುಗೆ ಮತ್ತು ರಾತ್ರಿಯೂಟ. ಎಂಟರ ಮೇಲೆ ತಮ್ಮ ಬುದ್ಧಿ ಮಂದವಾಗುವುದರಿಂದ ಆ ಹೊತ್ತಿನ ಮಾತೇ ಬೇಡ ಎಂದು ಅವರು ಹಾಸ್ಯ ಮಾಡಿದ್ದರು.

ಈ ದಿನಚರಿಯನ್ನು ಅನೇಕರು ಲೇಖಕರಿಗೆ ಮಾದರಿಯೆಂಬಂತೆ ಉದ್ಧರಿಸುವುದುಂಟು. ಆದರೆ ಅದನ್ನು ಅದರ ಕಾಲದಿಂದ ಬೇರ್ಪಡಿಸಿ ಓದುವುದು ತರವಲ್ಲ. ಇದು ಅರವತ್ತರ ಸಮೀಪದಲ್ಲಿದ್ದ, ಮಕ್ಕಳು ಬೆಳೆದು ದೊಡ್ಡವರಾಗಿದ್ದ ಲೇಖಕಿಯ ದಿನ. ಅದೂ ನಡೆದ ದಿನವಲ್ಲ, ಬಯಸಿದ ದಿನ. ಇಪ್ಪತ್ತು ವರ್ಷ ಹಿಂದೆ ಬೆಳಗಿನ ಐದು ಗಂಟೆಗಳ ಅಖಂಡ ಬರವಣಿಗೆ ಅವರ ಪಾಲಿಗೆ ಇರಲಿಲ್ಲ. ರಾತ್ರಿ ಎಂಟರ ನಂತರದ ಹೊತ್ತೇ ಆಗ ದುಡಿಮೆಯ ಹೊತ್ತಾಗಿತ್ತು. ಆದರ್ಶ ದಿನದಲ್ಲಿಯೂ ಅಡುಗೆಗೆ ಜಾಗ ಇರುವುದು, ಮನೆ ಶುಚಿಗೊಳಿಸುವ ಕೆಲಸ ಪತ್ರವ್ಯವಹಾರದ ಜೊತೆ ಸಹಜವಾಗಿ ಸೇರಿಕೊಂಡಿರುವುದು ಗಮನಾರ್ಹ.

ಇದೇ ಕಾಲದಲ್ಲಿ ಲೆ ಗ್ವಿನ್ ‘ದಿ ಫಿಶರ್‌ವುಮನ್ಸ್ ಡಾಟರ್’ ಎಂಬ ಪ್ರಬಂಧದಲ್ಲಿ, ತಾಯ್ತನ ಮತ್ತು ಬರವಣಿಗೆ ಒಂದಕ್ಕೊಂದು ವಿರೋಧಿ ಎಂಬ ನಂಬಿಕೆಯನ್ನು ಪ್ರಶ್ನಿಸಿದರು. ಹ್ಯಾರಿಯೆಟ್ ಬೀಚರ್ ಸ್ಟೋವ್, ಮಾರ್ಗರೆಟ್ ಆಲಿಫೆಂಟ್ ಮೊದಲಾದ ಲೇಖಕಿಯರು ಸಂಸಾರದ ಗದ್ದಲದ ನಡುವೆಯೇ ಬರೆದದ್ದನ್ನು ನೆನೆದರು. ಇಬ್ಬರು ಪೂರ್ಣಾವಧಿಯ ಕೆಲಸಗಳು ಒಬ್ಬರಿಂದ ಆಗದಿದ್ದರೂ, ಇಬ್ಬರು ಕೂಡಿದರೆ ಮೂರನ್ನು ನಿರ್ವಹಿಸಬಹುದು ಎಂಬುದು ಪತಿಯೊಂದಿಗಿನ ಬಾಳಿನಿಂದ ಅವರು ಕಂಡುಕೊಂಡ ಲೆಕ್ಕ. ಮನೆಗೆಲಸವನ್ನು ಹಂಚಿಕೊಂಡವರ ಹೆಸರು ಯಾವ ಪ್ರಶಸ್ತಿಫಲಕದ ಮೇಲೂ ಕಾಣುವುದಿಲ್ಲ.

‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕೃತಿಗೆ ನೆಬ್ಯುಲಾ ಮತ್ತು ಹ್ಯೂಗೊ ಎರಡೂ ಸಂದವು. ಕಾದಂಬರಿ ವಿಭಾಗದಲ್ಲಿ ಹ್ಯೂಗೊ ಪಡೆದ ಮೊದಲ ಮಹಿಳೆ ಅವರು, 1970ರಲ್ಲಿ. ಸಂಪಾದಕರ ಪೂರ್ವಗ್ರಹ ಎಂತಹುದಿತ್ತೆಂಬುದಕ್ಕೆ ಒಂದು ನಿದರ್ಶನವೆಂದರೆ, 1969ರಲ್ಲಿ ‘ಪ್ಲೇಬಾಯ್’ ಪತ್ರಿಕೆ ಅವರ ಕಥೆಯೊಂದನ್ನು ಪ್ರಕಟಿಸುವಾಗ ಲೇಖಕಿಯ ಹೆಸರನ್ನು ಕೇವಲ ಮೊದಲಕ್ಷರಗಳಿಂದ ಅಚ್ಚು ಹಾಕಿತು. ಅರ್ತ್‌ಸೀ ಮಾಲೆಯ ಮೂರನೆಯ ಕೃತಿಗೆ 1973ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ದೊರೆಯಿತಾದರೂ, ಅದು ಮಕ್ಕಳ ಸಾಹಿತ್ಯದ ವಿಭಾಗದಲ್ಲಿ. 1974ರ ‘ದಿ ಡಿಸ್‌ಪೊಸೆಸ್ಡ್’ ಕಾದಂಬರಿ ಮತ್ತೆ ಹ್ಯೂಗೊ, ನೆಬ್ಯುಲಾ ಎರಡನ್ನೂ ಗಳಿಸಿತು.

ಸ್ವೀಕರಿಸಿದ ಪ್ರಶಸ್ತಿಗಳಿಗಿಂತ ನಿರಾಕರಿಸಿದ ಒಂದು ಪ್ರಶಸ್ತಿ ಅವರ ನಿಲುವನ್ನು ಹೆಚ್ಚು ಸ್ಪಷ್ಟಪಡಿಸುತ್ತದೆ. ಪೋಲೆಂಡಿನ ಲೇಖಕ ಸ್ತಾನಿಸ್ವಾಫ್ ಲೆಮ್ ಅವರಿಗೆ ವಿಜ್ಞಾನಕಥಾ ಲೇಖಕರ ಸಂಘವು 1973ರಲ್ಲಿ ಗೌರವ ಸದಸ್ಯತ್ವ ನೀಡಿತ್ತು. ಅಮೆರಿಕದ ವಿಜ್ಞಾನಕಥೆಗಳನ್ನು ಲೆಮ್ ಕಟುವಾಗಿ ಟೀಕಿಸಿದ ಬಳಿಕ, 1976ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಸಾಮಾನ್ಯ ಸದಸ್ಯತ್ವಕ್ಕೆ ಅರ್ಹರಾದವರಿಗೆ ಗೌರವ ಸದಸ್ಯತ್ವ ಸಲ್ಲದೆಂಬ ನಿಯಮವನ್ನು ಸಂಘ ಮುಂದಿಟ್ಟಿತು. ಲೆ ಗ್ವಿನ್ ಇದನ್ನು ಒಪ್ಪಲಿಲ್ಲ. ಆಗ ನೆಬ್ಯುಲಾ ಸ್ಪರ್ಧೆಯಲ್ಲಿದ್ದ ಅವರ ‘ದಿ ಡೈರಿ ಆಫ್ ದಿ ರೋಸ್’ ಕಥೆಯ ವಸ್ತುವೇ ರಾಜಕೀಯ ಭಿನ್ನಮತವನ್ನು ಮಾನಸಿಕ ರೋಗವೆಂದು ಹಣೆಪಟ್ಟಿ ಹಚ್ಚಿ ದಮನ ಮಾಡುವ ವ್ಯವಸ್ಥೆ. ಅಂಥ ಕಥೆಗೆ, ಭಿನ್ನಮತವನ್ನು ಸಹಿಸದ ಸಂಘದಿಂದ ಪುರಸ್ಕಾರ ಪಡೆಯುವುದು ಅಸಂಗತವೆಂದು ಭಾವಿಸಿ ಅವರು 1977ರಲ್ಲಿ ಕಥೆಯನ್ನು ಹಿಂತೆಗೆದುಕೊಂಡರು. ಆ ವರ್ಷದ ಪ್ರಶಸ್ತಿ ಐಸಾಕ್ ಅಸಿಮೊವ್ ಅವರ ‘ದಿ ಬೈಸೆಂಟೆನಿಯಲ್ ಮ್ಯಾನ್’ ಕಥೆಗೆ ಹೋಯಿತು. ಅವರು ತಮ್ಮ ಬಳಗವನ್ನು ಮಾತ್ರ ತೊರೆಯಲಿಲ್ಲ. 1990ರ ‘ತೆಹಾನು’ ಕಾದಂಬರಿಗೆ ಅದೇ ನೆಬ್ಯುಲಾವನ್ನು ಸ್ವೀಕರಿಸಿದರು. 2003ರಲ್ಲಿ ಅದೇ ಸಂಘದ ‘ಗ್ರ್ಯಾಂಡ್ ಮಾಸ್ಟರ್’ ಗೌರವಕ್ಕೂ ಪಾತ್ರರಾದರು.

2014ರ ನವೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರತಿಷ್ಠಾನವು ಅವರ ಜೀವಮಾನದ ಸಾಧನೆಗಾಗಿ ಪದಕ ನೀಡಿತು. ಮುಖ್ಯಧಾರೆಯ ಅತ್ಯುನ್ನತ ಗೌರವಗಳಲ್ಲೊಂದಾದ ಇದನ್ನು ಲೆ ಗ್ವಿನ್, ದೀರ್ಘಕಾಲ ಸಾಹಿತ್ಯದಿಂದ ಹೊರಗಿಡಲ್ಪಟ್ಟ ಅದ್ಭುತರಮ್ಯ ಮತ್ತು ವಿಜ್ಞಾನಕಥಾ ಲೇಖಕರೆಲ್ಲರೊಡನೆ ಹಂಚಿಕೊಳ್ಳುವುದಾಗಿ ಘೋಷಿಸಿದರು. ಅಷ್ಟಕ್ಕೆ ನಿಲ್ಲದೆ, ಮಾರಾಟದ ಸರಕನ್ನು ಉತ್ಪಾದಿಸುವುದಕ್ಕೂ ಕಲೆಯ ಸಾಧನೆಗೂ ಇರುವ ಅಂತರವನ್ನು ಪ್ರಕಾಶಕರ ಸಮ್ಮುಖದಲ್ಲಿಯೇ ಎತ್ತಿ ಹೇಳಿದರು. ವಿದ್ಯುನ್ಮಾನ ಪುಸ್ತಕಗಳಿಗೆ ಸಾರ್ವಜನಿಕ ಗ್ರಂಥಾಲಯಗಳಿಂದ ಸಾಮಾನ್ಯ ಗ್ರಾಹಕರಿಗಿಂತ ಆರೇಳು ಪಟ್ಟು ಹೆಚ್ಚು ಬೆಲೆ ವಸೂಲು ಮಾಡುವ ತಮ್ಮ ಪ್ರಕಾಶಕರನ್ನೂ ಅವರು ಬಿಡಲಿಲ್ಲ. ಗ್ರಂಥಾಲಯಗಳ ಪರವಾದ ಈ ಮಾತಿಗೆ ಆ ಭಾಷಣದ ಚರ್ಚೆಗಳಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಎಂಬತ್ತು ದಾಟಿದ ಮೇಲೆ ಅವರು ಬರೆದ ಪ್ರಬಂಧಗಳ ಸಂಕಲನ ‘ನೋ ಟೈಮ್ ಟು ಸ್ಪೇರ್’ 2017ರಲ್ಲಿ ಪ್ರಕಟವಾಯಿತು. ತಾವು ಓದಿದ ವಿಶ್ವವಿದ್ಯಾನಿಲಯವು ಹಳೆಯ ವಿದ್ಯಾರ್ಥಿಗಳಿಗೆ ಕಳುಹಿಸಿದ ಪ್ರಶ್ನಾವಳಿಯಲ್ಲಿ ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತೀರಿ ಎಂಬ ಪ್ರಶ್ನೆಯನ್ನು ಕಂಡು, ಓದು, ಬರಹ, ಅಡುಗೆ, ಮನೆವಾರ್ತೆಗಳಿಂದ ತುಂಬಿದ ತಮ್ಮ ದಿನದಲ್ಲಿ ಬಿಡುವೆಂಬುದು ಯಾವುದು ಎಂದು ಅವರು ಇಲ್ಲಿ ವಿಚಾರ ಮಾಡಿದ್ದಾರೆ. ಲೆ ಗ್ವಿನ್ 2018ರ ಜನವರಿ 22ರಂದು ನಿಧನರಾದರು. ದಿನಚರಿಯನ್ನೇ ವಸ್ತುವಾಗಿಸಿಕೊಂಡ ಆ ಪುಸ್ತಕಕ್ಕೆ ಅದೇ ವರ್ಷ ಹ್ಯೂಗೊ ಸಂದಿತು.

ಅವರ ಹೆಸರಿನ ಕಥಾಸಾಹಿತ್ಯ ಪ್ರಶಸ್ತಿಯೊಂದು 2022ರಲ್ಲಿ ಆರಂಭವಾಗಿದೆ. ಮೊತ್ತ 25,000 ಡಾಲರ್. ಮೊದಲ ಬಾರಿಗೆ ಅದನ್ನು ಪಡೆದವರು ಕೆನ್ಯಾದ ಖದೀಜಾ ಅಬ್ದಲ್ಲಾ ಬಜಾಬರ್, ‘ದಿ ಹೌಸ್ ಆಫ್ ರಸ್ಟ್’ ಕಾದಂಬರಿಗಾಗಿ. ಒಬ್ಬ ಲೇಖಕರಿಗೆ ಒಮ್ಮೆ ಮಾತ್ರ ದೊರೆಯುವ ಈ ಪ್ರಶಸ್ತಿಯ ನಿಯಮಗಳು, ವರ್ಗ, ವರ್ಣ, ಲಿಂಗ, ವಯಸ್ಸು ಮುಂತಾದ ಕಾರಣಗಳಿಂದ ಸೌಲಭ್ಯವಂಚಿತರಾದವರ ಕಡೆಗೆ ವಿಶೇಷ ಗಮನ ಹರಿಸುತ್ತವೆ. ಪೋರ್ಟ್‌ಲೆಂಡಿನಲ್ಲಿ ಅವರು ಹಲವು ದಶಕ ಬಾಳಿದ ಮನೆಯನ್ನು ಕುಟುಂಬದವರು ಅಲ್ಲಿಯ ಸಾಹಿತ್ಯ ಸಂಸ್ಥೆಯೊಂದಕ್ಕೆ ದಾನ ನೀಡಿರುವುದು 2024ರಲ್ಲಿ ಪ್ರಕಟವಾಯಿತು. ಲೇಖಕರು ಕೆಲವು ಕಾಲ ತಂಗಿದ್ದು ಬರೆಯಲು ಆ ಮನೆ ಮೀಸಲು.