ಹಳೇ ಮಾರುತಿ ಮಾರಬೇಡಿ, ನೀವೇ ಓಡಿಸಿ!

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಮ್ಮೆ ಕಣ್ಣಾಡಿಸಿ. ದೊಡ್ಡ ದೊಡ್ಡ ಕಾರುಗಳ ನಡುವೆ, ದೂಳು ಹಿಡಿದ ಹೊದಿಕೆಯ ಕೆಳಗೆ ಒಂದು ಪುಟ್ಟ ಮಾರುತಿ 800 ಮುದುಡಿ ಕುಳಿತಿರುತ್ತದೆ. ಹೊಸ ಕಾರು ಯಜಮಾನರ ಆಫೀಸಿಗೆ. ಹಳೇದು ‘ಯಾರಾದ್ರೂ ಕೇಳಿದ್ರೆ ಕೊಟ್ಬಿಡೋಣ’ ಎಂಬ ಲೆಕ್ಕದಲ್ಲಿ. ಇತ್ತ ಮನೆಯಾಕೆ ಪರ್ಸಿನಲ್ಲಿ ಲೈಸೆನ್ಸ್ ಇಟ್ಟುಕೊಂಡೇ ಅತ್ತೆಯವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ಆಟೊ ಕಾಯುತ್ತಿರುತ್ತಾಳೆ!

ಕೊಡುವ ಮೊದಲು ಸ್ವಲ್ಪ ಯೋಚಿಸಿ. ಆ ಕಾರು ನಿಮ್ಮದೇ ಯಾಕಾಗಬಾರದು?

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರು ಸ್ಕೂಟರ್ ಮೇಲೆ ನಾಲ್ಕು ಜನ ಹೋಗುತ್ತಿದ್ದ ಎಷ್ಟೋ ಮನೆಗಳಿಗೆ ಮೊದಲ ಕಾರು. 2010ರಲ್ಲಿ ಹೊಗೆ ನಿಯಮ ಬಿಗಿಯಾದಾಗ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಮಾರಾಟ ನಿಂತಿತು; 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ಷೋಕಿಗೆ ಇದು ಆಗಿಬರುವುದಿಲ್ಲ, ನಿಜ. ಆದರೆ ತರಕಾರಿ, ಟ್ಯೂಷನ್, ಬ್ಯಾಂಕು ಅಂತ ಓಡಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು? ಉದ್ದ ಮೂರೂವರೆ ಮೀಟರೂ ಇಲ್ಲ. ಗಲ್ಲಿಯಲ್ಲಿ ಸುಲಭವಾಗಿ ತಿರುಗುತ್ತದೆ, ಮಾರ್ಕೆಟ್ ಹತ್ತಿರ ಸಿಕ್ಕಷ್ಟು ಜಾಗದಲ್ಲಿ ನಿಲ್ಲುತ್ತದೆ. ಒಂದು ಗೀರು ಬಿದ್ದರೂ ಎದೆ ಒಡೆಯುವುದಿಲ್ಲ. ಕಲಿಯುವವರಿಗೆ ಈ ಧೈರ್ಯವೇ ಅರ್ಧ ಡ್ರೈವಿಂಗ್!

ಹೊರಡಿಸುವ ಮುನ್ನ ಇಷ್ಟು ನೋಡಿಕೊಳ್ಳಿ:

* ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸತ್ತಿರುತ್ತದೆ. ಪರಿಚಯದ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ.
* ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2315 ಎಂದಿದ್ದರೆ 2015ರ 23ನೇ ವಾರ ತಯಾರಾದದ್ದು. ಸವೆಯದಿದ್ದರೂ ಹಳೇ ರಬ್ಬರ್ ಬಿರುಕು ಬಿಟ್ಟು ಒಡೆಯುತ್ತದೆ, ಬದಲಿಸಿಬಿಡಿ.
* ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಹಳೇ ರಬ್ಬರ್ ಪೈಪುಗಳಿಗೆ ಅದು ಒಗ್ಗದಿರಬಹುದು. ಪೆಟ್ರೋಲ್ ವಾಸನೆ ಬಂದರೆ ಉದಾಸೀನ ಬೇಡ.
* 15 ವರ್ಷ ದಾಟಿದ ಕಾರನ್ನು ಆರ್‌ಟಿಒದಲ್ಲಿ ತೋರಿಸಿ ನೋಂದಣಿ ನವೀಕರಿಸಲೇಬೇಕು. ಅದು 5 ವರ್ಷಕ್ಕೆ ಊರ್ಜಿತ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಕೂಡ ಇರಲಿ. ಆದರೆ ಆರ್‌ಸಿಯನ್ನು ನಿಮ್ಮ ಹೆಸರಿಗೇ ಮಾಡಿಸಿಕೊಳ್ಳಿ!

ಒಂದು ಎಚ್ಚರಿಕೆ: ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಮೈಯೂ ತೆಳು. ಆದ್ದರಿಂದ ಹೈವೇ ಬೇಡ, ಸ್ಪೀಡ್ ಬೇಡ. ಸೀಟ್ ಬೆಲ್ಟ್ ಕಡ್ಡಾಯ. ತಳ ತುಕ್ಕು ಹಿಡಿದು ತೂತಾಗಿದ್ದರೆ ರಿಪೇರಿಗೆ ದುಡ್ಡು ಸುರಿಯದೆ ಗುಜರಿಗೆ ಕೊಡುವುದೇ ಜಾಣತನ.

ಉಳಿದಂತೆ ಅಭ್ಯಾಸ ಒಂದೇ ಮಂತ್ರ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಅರ್ಧ ಗಂಟೆ ಓಡಿಸಿ. ಪಕ್ಕದಲ್ಲಿ ಕೂರುವವರು ಗದರುವವರಾದರೆ ಅವರನ್ನು ಮನೆಯಲ್ಲೇ ಬಿಟ್ಟು, ಡ್ರೈವಿಂಗ್ ಶಾಲೆಯವರನ್ನು ಕೂರಿಸಿಕೊಳ್ಳಿ! ಗೇರು, ಕ್ಲಚ್ಚು ಎಲ್ಲ ಒಗ್ಗರಣೆ ಹಾಕಿದಷ್ಟೇ ಸಲೀಸಾಗಿ ಕೈಗೆ ಬರುತ್ತದೆ.

ರಾತ್ರಿ ಮಗುವಿಗೆ ಜ್ವರ ಏರಿದಾಗ, ತವರಲ್ಲಿ ಅಪ್ಪನಿಗೆ ಹುಷಾರಿಲ್ಲವೆಂದು ಫೋನ್ ಬಂದಾಗ ‘ಇವರು ಬರಲಿ’ ಎಂದು ಕಾಯಬೇಕಿಲ್ಲ. ಕೀಲಿ ತೆಗೆದುಕೊಂಡು ಹೊರಟರಾಯಿತು. ಗುಜರಿಯವನು ಕೊಡುವ ಪುಡಿಗಾಸಿಗಿಂತ ಇದು ದೊಡ್ಡದಲ್ಲವೇ?