ಬೆಳದಿಂಗಳು ಬಿಟ್ಟಿ, ಕತ್ತಲೆ ತುಟ್ಟಿ!

ಚಿತ್ರದುರ್ಗ: ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಮೂಡಣದಲ್ಲಿ ಚಂದ್ರ ಏಳುತ್ತಾನೆ. ಕೋಟೆ ಇರುವುದು ಊರಿನ ಪಡುವಣ ಬದಿಗೆ. ರಾತ್ರಿ ಎಂಟು-ಒಂಬತ್ತರ ಹೊತ್ತಿಗೆ ಬೆಳದಿಂಗಳು ನೇರವಾಗಿ ಕೋಟೆಯ ಮುಖಕ್ಕೇ ಬೀಳುತ್ತದೆ. ಬೋಳು ಬಂಡೆ, ಬತೇರಿ, ಸುತ್ತಿನ ಗೋಡೆ ಎಲ್ಲವೂ ಬೆಳ್ಳಿ ನೀರಿನಲ್ಲಿ ಅದ್ದಿ ತೆಗೆದ ಹಾಗೆ. ಇದಕ್ಕೆ ಟಿಕೆಟಿಲ್ಲ, ಕರೆಂಟ್ ಬಿಲ್ಲಿಲ್ಲ, ಉದ್ಘಾಟನೆಗೆ ಮಂತ್ರಿಗಳೂ ಬೇಕಿಲ್ಲ.

ಆದರೆ ನೋಡುವವರು ಯಾರು ಸ್ವಾಮಿ? ಅಂಗಡಿಯ ಬೋರ್ಡಿನ ಬೆಳಕು, ಸರ್ಕಲ್ಲಿನ ಹೈಮಾಸ್ಟ್ ದೀಪ, ಎದುರು ಬರುವ ಲಾರಿಯ ಹೆಡ್‌ಲೈಟು, ಕೈಯಲ್ಲಿರುವ ಫೋನಿನ ಬೆಳಕು. ಇಷ್ಟರ ನಡುವೆ ಚಂದ್ರ ಬಂದನೋ ಹೋದನೋ ಯಾರಿಗೂ ಗೊತ್ತಾಗೋದಿಲ್ಲ. 1972ರ ‘ನಾಗರಹಾವು’ ಚಿತ್ರದಿಂದ ದುರ್ಗದ ಹಗಲಿನ ರೂಪ ನಾಡಿಗೆಲ್ಲ ಗೊತ್ತು. ರಾತ್ರಿಯ ರೂಪ ದುರ್ಗದವರಿಗೇ ಮರೆತುಹೋಗುತ್ತಿದೆ.

ನೆನಪಿಸುವ ಕೆಲಸ ಮಾಡಬಲ್ಲವರು ಒಂದು ಜನ ಇದ್ದಾರೆ. ರಾತ್ರಿ ಹೊತ್ತು ಫ್ಲಾಷ್ ಇಲ್ಲದೆ, ಬಲ್ಬ್ ಇಲ್ಲದೆ, ಬರೀ ಚಂದ್ರ-ನಕ್ಷತ್ರಗಳ ಬೆಳಕಿನಲ್ಲಿ ಫೋಟೋ ತೆಗೆಯುವವರು. ಹುಚ್ಚು ಅಂತ ನಗುವವರು ನಗಲಿ. ಈ ಹುಚ್ಚು ಈಗ ಅಗ್ಗವಾಗಿದೆ. ತುಟ್ಟಿಯಾಗಿರೋದು ಕತ್ತಲೆ ಮಾತ್ರ.

ಲೆಕ್ಕ ಇಷ್ಟೇ

ಸೂರ್ಯನ ಬೆಳಕು ಹುಣ್ಣಿಮೆ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಜಾಸ್ತಿ. ಸಂಖ್ಯೆ ಕೇಳಿ ಗಾಬರಿ ಬೇಡ. ಕ್ಯಾಮೆರಾಕ್ಕೆ ಬೆಳಕು ಕಡಿಮೆಯಾದರೆ ಹೊತ್ತು ಜಾಸ್ತಿ ಕೊಡಬೇಕು, ಅಷ್ಟೇ. ಸಣ್ಣ ನಲ್ಲಿಯಲ್ಲಿ ಕೊಡ ತುಂಬಿಸಿದ ಹಾಗೆ.

ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಓ 100, ಎಫ್ 16 ಇಟ್ಟರೆ ಸೆಕೆಂಡಿನ ನೂರರಲ್ಲಿ ಒಂದು ಪಾಲು ಸಾಕು. ಅದೇ ಕೋಟೆಯನ್ನು ಹುಣ್ಣಿಮೆಯಲ್ಲಿ ತೆಗೆಯಲು ಐಎಸ್‌ಓ 1600, ಎಫ್ 2.8 ಇಟ್ಟು ಸುಮಾರು 8 ಸೆಕೆಂಡ್ ಷಟರ್ ತೆರೆದಿಡಬೇಕು. ಹಗಲಲ್ಲಿ ತೆಗೆದಷ್ಟೇ ಬೆಳಕಿನ ಚಿತ್ರ ಬರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಎಣಿಸಿ ಕೊಡುವಷ್ಟು ಹೊತ್ತೂ ಅಲ್ಲ.

ಒಂದು ಮೋಸ ಇದೆ. ಅರ್ಧ ಚಂದ್ರ ಅಂದರೆ ಅರ್ಧ ಬೆಳಕು ಅಂತ ಎಲ್ಲರೂ ತಿಳಿಯುತ್ತಾರೆ. ಅರ್ಧವಲ್ಲ, ಸುಮಾರು ಹತ್ತನೇ ಒಂದು ಪಾಲು. ಚಂದ್ರನ ನೆಲ ಉಬ್ಬುತಗ್ಗಿನದು. ಪಕ್ಕದಿಂದ ಬಿಸಿಲು ಬಿದ್ದಾಗ ಎಲ್ಲ ಕಡೆ ನೆರಳು. ಹುಣ್ಣಿಮೆಯ ದಿನ ಎದುರಿನಿಂದ ಬಿಸಿಲು, ನೆರಳೇ ಕಾಣದು. ಅದಕ್ಕೇ ಅಷ್ಟಮಿಯ ರಾತ್ರಿ 8 ಸೆಕೆಂಡಿನ ಕೆಲಸಕ್ಕೆ 80 ಸೆಕೆಂಡ್ ಬೇಕಾಗುತ್ತದೆ.

ಇನ್ನೊಂದು ಮಾತು. ಚಂದ್ರನ ಮೇಲೆ ಬೀಳುವುದೂ ಹಾಡಹಗಲಿನ ಬಿಸಿಲೇ. ಕೋಟೆಯ ಜೊತೆ ಚಂದ್ರನನ್ನೂ ಒಂದೇ ಚಿತ್ರಕ್ಕೆ ಎಳೆದು ತಂದರೆ ಆತ ಬಿಳಿ ಇಡ್ಲಿಯ ಹಾಗೆ ಬರುತ್ತಾನೆ. ಬೆಳದಿಂಗಳು ಬೇಕಾದವರು ಚಂದ್ರನನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲಿ.

ಅವರೆಕಾಳು ಚೀಲ ಸಾಕು

ಸ್ಟುಡಿಯೋದಲ್ಲಿ ಕೆಲಸ ಮಾಡಿದ ಹಳಬರನ್ನು ಕೇಳಿದರೆ ಫಿಲಂ ಕಾಲದ ಕಷ್ಟ ಹೇಳುತ್ತಾರೆ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ರೋಲು ಸಿಗುತ್ತಿದ್ದ ಕಾಲ ಅದು. 120 ಅಳತೆಯ ರೋಲಿಗೆ 12 ಚಿತ್ರ. ಷಟರನ್ನು ‘ಬಿ’ಗೆ ಇಟ್ಟು, ಕೇಬಲ್ ಒತ್ತಿ ಹಿಡಿದು, ವಾಚು ನೋಡುತ್ತಾ ನಿಲ್ಲಬೇಕು. ಫಿಲಮ್ಮಿಗೆ ಇನ್ನೊಂದು ರೋಗ. ಹೊತ್ತು ಉದ್ದವಾದಷ್ಟೂ ಅದು ದಣಿದು ಬೆಳಕು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತಿತ್ತು. ಲೆಕ್ಕಕ್ಕೆ ಒಂದು ನಿಮಿಷ ಬಂದರೆ ಎರಡು-ಮೂರು ನಿಮಿಷ ಕೊಡಬೇಕು. ತೊಳೆದು ನೋಡುವವರೆಗೆ ಬಂತೋ ಹೋಯಿತೋ ದೇವರಿಗೇ ಗೊತ್ತು.

ಈಗ ಆ ಕಷ್ಟ ಇಲ್ಲ. ಗೂಗಲ್‌ನವರು 2018ರಲ್ಲಿ ತಮ್ಮ ಫೋನಿಗೆ ರಾತ್ರಿ ಫೋಟೋದ ಸವಲತ್ತು ತಂದರು. ಮುಂದೆ ಒಂದೊಂದಾಗಿ ಬೇರೆ ಕಂಪನಿಗಳಲ್ಲೂ ಬಂತು. ಫೋನು ಒಂದರ ಮೇಲೊಂದು ಹಲವು ಚಿತ್ರ ತೆಗೆದು, ಅಲುಗಾಟ ಸರಿಪಡಿಸಿ, ಎಲ್ಲವನ್ನೂ ಕೂಡಿಸಿ ಒಂದು ಮಾಡುತ್ತದೆ. ಆದರೆ ಕೈಯಲ್ಲಿ ಹಿಡಿದರೆ ಆಗದು. ಸ್ಟ್ಯಾಂಡ್ ಇಲ್ಲವೇ? ಕಿರಾಣಿ ಅಂಗಡಿಯ ಒಂದು ಕೆ.ಜಿ. ಅವರೆಕಾಳು ಬಟ್ಟೆ ಚೀಲಕ್ಕೆ ಹಾಕಿ, ಮಾಳಿಗೆಯ ಗೋಡೆ ಮೇಲಿಟ್ಟು, ಅದರ ಮೇಲೆ ಫೋನು ಊರಿ. ಕಲ್ಲಿನ ಹಾಗೆ ಕೂರುತ್ತದೆ. ಬಟನ್ ಒತ್ತುವಾಗಲೂ ಅಲುಗುತ್ತದೆ, ಆದ್ದರಿಂದ 3 ಸೆಕೆಂಡೋ 10 ಸೆಕೆಂಡೋ ಟೈಮರ್ ಹಾಕಿ. ಮಾರನೇ ದಿನ ಅವರೆಕಾಳು ಸಾರಿಗೂ ಆಯಿತು.

ಫ್ಲಾಷ್ ಮಾತ್ರ ಆರಿಸಿಬಿಡಿ. ಫೋನಿನ ಫ್ಲಾಷ್ ಮೂರು-ನಾಲ್ಕು ಮೀಟರ್ ದಾಟದು. ಅದನ್ನು ಬೆಟ್ಟಕ್ಕೆ ಹೊಡೆಯುವುದು ಕೆರೆಗೆ ಉಪ್ಪು ಸುರಿದ ಹಾಗೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಬೈಕಿನ ಲೈಟು ಕಣ್ಣಿಗೆ ಬಿತ್ತೋ, ಮತ್ತೆ ಮೊದಲಿನಿಂದ. ಟಾರ್ಚಿನ ಮುಖಕ್ಕೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಂಡರೆ ಈ ತೊಂದರೆ ಕಡಿಮೆ. ಕತ್ತಲಲ್ಲಿ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ತಾಕದು.

ಕಾಣದ ಬಣ್ಣ

ಬೆಳದಿಂಗಳಲ್ಲಿ ನಮ್ಮ ಕಣ್ಣಿಗೆ ಬಣ್ಣ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕಪ್ಪು-ಬಿಳಿ ಬಿಟ್ಟು ಬೇರೆ ತಿಳಿಯದು. ಕ್ಯಾಮೆರಾಕ್ಕೆ ಆ ಕುಂದು ಇಲ್ಲ. 8 ಸೆಕೆಂಡಿನ ಚಿತ್ರದಲ್ಲಿ ಆಕಾಶ ನೀಲಿ, ಹುಲ್ಲು ಹಸಿರು, ಬಂಡೆ ಕಂದು. ಅರೆ, ಇದು ಹಗಲಿನ ಫೋಟೋ ಅಲ್ಲವೇ ಅಂತ ಜನ ಜಗಳಕ್ಕೇ ಬರುತ್ತಾರೆ. ಆಗ ಆಕಾಶದಲ್ಲಿರುವ ನಕ್ಷತ್ರ ತೋರಿಸಬೇಕು. ಬೆಳದಿಂಗಳೂ ಬಿಸಿಲಿನ ಮರುಬೆಳಕೇ, ಬಣ್ಣವೆಲ್ಲ ಅದರಲ್ಲೇ ಇದೆ. ನಮ್ಮ ಕಣ್ಣಿಗೆ ಎಟುಕದು, ಅಷ್ಟೇ.

ಸಿನಿಮಾದವರು ಹಿಂದೆ ಇದರ ಉಲ್ಟಾ ಮಾಡುತ್ತಿದ್ದರು. ಹಗಲಲ್ಲೇ ಚಿತ್ರೀಕರಿಸಿ, ಬೆಳಕು ಇಳಿಸಿ, ನೀಲಿ ಛಾಯೆ ಕೊಟ್ಟು, ಇದೇ ರಾತ್ರಿ ಅಂತ ನಂಬಿಸುತ್ತಿದ್ದರು. ಟಾಕೀಸಿನಲ್ಲಿ ನಂಬಿದವರು ನಾವೇ ತಾನೆ?

ಅಮಾವಾಸ್ಯೆಯ ಪಾಲು

ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಏಳುತ್ತಾನೆ. ಅಂಗಡಿಯಲ್ಲಿ ನೇತುಹಾಕಿದ ಪಂಚಾಂಗದ ಕ್ಯಾಲೆಂಡರ್ ನೋಡಿದರೆ ತಿಥಿ ಗೊತ್ತಾಗುತ್ತದೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ನಕ್ಷತ್ರದ ಪಾಲು.

ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಷಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಚುಕ್ಕಿಯಾಗೇ ಇರಬೇಕೆಂದರೆ 500ನ್ನು ಲೆನ್ಸಿನ ಮಿ.ಮೀ. ಸಂಖ್ಯೆಯಿಂದ ಭಾಗಿಸಿ ಅನ್ನುವುದು ಈ ಕಸುಬಿನವರ ಬಾಯಿಲೆಕ್ಕ. 35 ಮಿ.ಮೀ. ಫಿಲಂ ಅಳತೆಯ ಕ್ಯಾಮೆರಾಕ್ಕೆ 20 ಮಿ.ಮೀ. ಲೆನ್ಸ್ ಹಾಕಿದರೆ 25 ಸೆಕೆಂಡ್. ಗೆರೆಯೇ ಬೇಕಾದವರು ಉತ್ತರಕ್ಕೆ ತಿರುಗಲಿ. ಧ್ರುವ ನಕ್ಷತ್ರ ದುರ್ಗದಲ್ಲಿ ಬಾನಂಚಿನಿಂದ 14 ಡಿಗ್ರಿ ಮೇಲಿದೆ. ಕೈ ಚಾಚಿ ಹಿಡಿದರೆ ಒಂದೂವರೆ ಮುಷ್ಟಿ. ಅರ್ಧ ಗಂಟೆ ಬಿಟ್ಟರೆ ಉಳಿದ ನಕ್ಷತ್ರಗಳೆಲ್ಲ ಅದರ ಸುತ್ತ ಬಳೆ ತುಂಡಿನ ಹಾಗೆ ಬರುತ್ತವೆ.

ಹಾಲುಹಾದಿಯ ದಟ್ಟ ನಡುಭಾಗ ದುರ್ಗದಿಂದ 47 ಡಿಗ್ರಿ ಎತ್ತರಕ್ಕೆ ಏರುತ್ತದೆ. ಅರ್ಧ ಆಕಾಶ! ನಕ್ಷತ್ರ ವೀಕ್ಷಣೆಗೆ ದೇಶಕ್ಕೇ ಹೆಸರಾದ ಲಡಾಖಿನ ಹಾನ್ಲೆಯಲ್ಲಿ ಅದು ಏರುವುದು 28 ಡಿಗ್ರಿ ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ನಡುರಾತ್ರಿ ಕಳೆದು ಬೆಳಗಿನ ಜಾವದ ತನಕ ನೋಡಬಹುದು. ಬರದ ಜಿಲ್ಲೆ ಅಂತ ಬೈಸಿಕೊಳ್ಳುವ ದುರ್ಗಕ್ಕೆ ಮೋಡ ಕಡಿಮೆ ಇರುವುದೇ ಈ ಒಂದು ವಿಷಯದಲ್ಲಿ ವರ.

ಹಾಗಾದರೆ ಜನ ವಿಮಾನ ಹತ್ತಿ ಹಾನ್ಲೆಗೆ ಯಾಕೆ ಹೋಗುತ್ತಾರೆ? ಅದು ಸಮುದ್ರಮಟ್ಟದಿಂದ 4 ಸಾವಿರ ಮೀಟರಿಗೂ ಮೇಲೆ, ಒಣ ಹವೆ. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಕತ್ತಲೆ ಇದೆ. ಇಲ್ಲಿ ಇಲ್ಲ.

ಕತ್ತಲೆ ಕದ್ದವರು ಯಾರು?

ಹಳೇ ಸೋಡಿಯಂ ದೀಪ ಹಳದಿ. ಈಗಿನ ಬಿಳಿ ಎಲ್‌ಇಡಿಯಲ್ಲಿ ನೀಲಿ ಪಾಲು ಹೆಚ್ಚು. ನೀಲಿ ಬೆಳಕು ಗಾಳಿಯಲ್ಲಿ ಬೇಗ ಚದುರುತ್ತದೆ. ಹಗಲು ಆಕಾಶ ನೀಲಿಯಾಗಿರಲು ಕಾರಣವೂ ಅದೇ. ರಸ್ತೆಗೆ ಬೀಳಬೇಕಾದ ಬೆಳಕು ಮೇಲಕ್ಕೆ ಹೋದರೆ ಊರ ಮೇಲೆ ಬೂದು ಕೊಡೆ ಬಿಚ್ಚಿದ ಹಾಗಾಗುತ್ತದೆ. 25 ಸೆಕೆಂಡ್ ಷಟರ್ ತೆರೆದರೆ ನಕ್ಷತ್ರದ ಬದಲು ಆ ಕೊಡೆಯ ಚಿತ್ರ ಬರುತ್ತದೆ.

2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2011ರಿಂದ 2022ರವರೆಗೆ ಜನ ಬರಿಗಣ್ಣಿನಲ್ಲಿ ನಕ್ಷತ್ರ ನೋಡಿ 51 ಸಾವಿರಕ್ಕೂ ಹೆಚ್ಚು ವರದಿ ಕೊಟ್ಟಿದ್ದರು. ಯುರೋಪ್, ಅಮೆರಿಕದವರೇ ಹೆಚ್ಚು. ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಬೆಳಗಾಗುತ್ತಿದೆ ಎಂದು ಲೆಕ್ಕ ಬಂತು. ಈ ಲೆಕ್ಕದಲ್ಲಿ, 250 ನಕ್ಷತ್ರ ಕಾಣುವ ಊರಲ್ಲಿ ಹುಟ್ಟಿದ ಮಗುವಿಗೆ 18 ತುಂಬುವಾಗ ಸುಮಾರು 100 ಮಾತ್ರ ಕಾಣುತ್ತವೆ. ಶೀಗಿ ಹುಣ್ಣಿಮೆ, ಮಾಳಿಗೆಯ ಬೆಳದಿಂಗಳೂಟ ಇವೆಲ್ಲ ಮುಂದೆ ಹೆಸರಿಗೆ ಮಾತ್ರ ಉಳಿದಾವು.

ದೀಪ ಆರಿಸಿಬಿಡಿ ಅಂತ ಯಾರೂ ಹೇಳುತ್ತಿಲ್ಲ. ರಾತ್ರಿ ಹತ್ತರ ಬಸ್ಸಿಗೆ ಇಳಿದು ಒಬ್ಬಳೇ ಮನೆಗೆ ನಡೆಯುವ ಹೆಣ್ಣುಮಗಳಿಗೆ ಬೀದಿದೀಪ ಬೇಕೇ ಬೇಕು. ಆದರೆ ಆಕೆಗೆ ಬೇಕಾದ್ದು ಕಾಲಡಿಯ ಬೆಳಕು, ತಲೆ ಮೇಲಿನ ಆಕಾಶಕ್ಕೆ ಹೋಗುವ ಬೆಳಕಲ್ಲ. ದೀಪದ ಮೇಲೆ ಮರೆ ಹಾಕಿ ಬೆಳಕನ್ನು ಕೆಳಕ್ಕೆ ತಿರುಗಿಸಿದರೆ ರಸ್ತೆಯೂ ಚೆನ್ನಾಗಿ ಕಾಣುತ್ತದೆ, ಕಣ್ಣಿಗೂ ಚುಚ್ಚುವುದಿಲ್ಲ. ಹಾನ್ಲೆಯಲ್ಲಿ ಮಾಡಿದ್ದೂ ಇದನ್ನೇ. 2022ರ ಡಿಸೆಂಬರಿನಲ್ಲಿ ಅಲ್ಲಿ 1,073 ಚದರ ಕಿ.ಮೀ. ಜಾಗವನ್ನು ಕತ್ತಲೆಯ ಮೀಸಲು ಪ್ರದೇಶ ಅಂತ ಘೋಷಿಸಿದರು. ದೀಪಕ್ಕೆ ಮರೆ, ಕಿಟಕಿಗೆ ಪರದೆ. ಹಳ್ಳಿಯವರಿಗೇ ದೂರದರ್ಶಕ ಕೊಟ್ಟು ತರಬೇತಿ ಕೊಟ್ಟರು. ಕತ್ತಲೆ ನೋಡಲು ಬಂದವರು ಅವರ ಮನೆಗಳಲ್ಲೇ ತಂಗುತ್ತಾರೆ, ನಾಲ್ಕು ಕಾಸು ಆಗುತ್ತದೆ. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಅದರ 2 ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ. ಕತ್ತಲೆ ಕಾಯುವ ವಿದ್ಯೆ ಕಲಿಯಲು ದೂರ ಹೋಗಬೇಕಿಲ್ಲ.

ಕೋಟೆ ಬಾಗಿಲು

ಇನ್ನು ಕೋಟೆಯ ಮಾತು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೋಟೆ. ಸಂಜೆಯಾದರೆ ಬಾಗಿಲು. ಅದು ತಪ್ಪೂ ಅಲ್ಲ. ಜಾರುಬಂಡೆ, ಹೊಂಡ, ಸುತ್ತಲ ಗುಡ್ಡದಲ್ಲಿ ಚಿರತೆ, ಕರಡಿ. ರಾತ್ರಿ ಕದ್ದು ನುಗ್ಗುವ ಸಾಹಸ ಯಾರೂ ಮಾಡಬಾರದು. ಒಂದು ಫೋಟೋಗೆ ಕಾಲು ಮುರಿದುಕೊಂಡರೆ ಮನೆಯವರ ಗತಿ ಏನು? ಮಾಳಿಗೆ, ಕೆರೆ ಏರಿ, ಗೊತ್ತಿದ್ದವರ ಹೊಲದ ಬದು ಸಾಕು. ಒಬ್ಬರೇ ಹೋಗಬೇಡಿ.

ಆದರೆ ಇದೇ ಇಲಾಖೆ ಆಗ್ರಾದ ತಾಜಮಹಲಿನಲ್ಲಿ ಏನು ಮಾಡಿದೆ ನೋಡಿ. ಭದ್ರತೆಯ ಕಾರಣಕ್ಕೆ 1984ರಲ್ಲಿ ನಿಂತಿದ್ದ ಬೆಳದಿಂಗಳ ವೀಕ್ಷಣೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2004ರಲ್ಲಿ ಮತ್ತೆ ಶುರುವಾಯಿತು. ಹುಣ್ಣಿಮೆ, ಅದರ ಹಿಂದೆ ಎರಡು, ಮುಂದೆ ಎರಡು ರಾತ್ರಿ. ಶುಕ್ರವಾರ ಮತ್ತು ರಂಜಾನ್ ತಿಂಗಳು ಬಿಟ್ಟು. ತಲಾ 50 ಜನರ 8 ತಂಡ, ಪ್ರತಿ ತಂಡಕ್ಕೆ ಅರ್ಧ ಗಂಟೆ. ತಾಜಮಹಲಿಗೆ ಕೂಡಿಬಂದದ್ದು ದುರ್ಗಕ್ಕೆ ಯಾಕೆ ಕೂಡಬಾರದು? ಮೇಲಿನವರೆಗೆ ಬೇಡ. ಮೊದಲ ಬಾಗಿಲ ಒಳಗಿನ ಸಮತಟ್ಟು ಜಾಗ, ಮಳೆಗಾಲ ಬಿಟ್ಟು ತಿಂಗಳಿಗೊಂದು ರಾತ್ರಿ, 50 ಜನ, ಕಾವಲಿನವರ ಜೊತೆ. ಊರಿನ ಹೋಟೆಲು, ಆಟೋ, ಹೂವಿನ ಅಂಗಡಿ, ಸ್ಟುಡಿಯೋ ಎಲ್ಲಕ್ಕೂ ವ್ಯಾಪಾರ. ಜಿಲ್ಲಾಡಳಿತ ಒಂದು ಕಾಗದ ಬರೆದು ನೋಡಲಿ.

ಅಂಗಡಿ ಷಟರ್, ಕ್ಯಾಮೆರಾ ಷಟರ್

ಕಾಗದ ಓಡಾಡಿ ಬರಲು ವರ್ಷಗಟ್ಟಲೆ ಹಿಡಿದೀತು. ಅಂಗಡಿಯವರ ಕೈಯಲ್ಲಿರೋದು ಇವತ್ತೇ ಆಗುತ್ತದೆ. ಬೋರ್ಡಿಗೆ ಹಾಕಿದ 100 ವ್ಯಾಟಿನ ಒಂದು ಫೋಕಸ್ ಲೈಟು ರಾತ್ರಿ 10ರಿಂದ ಬೆಳಗಿನ 6ರವರೆಗೆ ಉರಿದರೆ 0.8 ಯೂನಿಟ್. ತಿಂಗಳಿಗೆ 24 ಯೂನಿಟ್. ಆ ಹೊತ್ತಿನಲ್ಲಿ ಬೋರ್ಡ್ ಓದುವ ಗಿರಾಕಿ ಯಾರು? ಬೀದಿ ನಾಯಿಗಳು!

ಕಳ್ಳರ ಭಯ ಅಂತೀರಾ? ಯಾರಾದರೂ ಬಳಿ ಬಂದಾಗ ಮಾತ್ರ ಹತ್ತುವ ಸೆನ್ಸರ್ ದೀಪ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ರಾತ್ರಿಯಿಡೀ ಒಂದೇ ಸಮ ಉರಿಯುವ ದೀಪಕ್ಕಿಂತ ತಟ್ಟನೆ ಹತ್ತುವ ದೀಪಕ್ಕೆ ಕಳ್ಳ ಹೆಚ್ಚು ಬೆಚ್ಚುತ್ತಾನೆ.

ನಗರಸಭೆಯವರು ಬೀದಿದೀಪಕ್ಕೆ ಮರೆ ಹಾಕಿಸಲಿ. ಹೊಸ ದೀಪ ಕೊಳ್ಳುವಾಗ ಹಳದಿ ಬಣ್ಣದ್ದು ಕೊಳ್ಳಲಿ. ಬೆಸ್ಕಾಂನವರು ಕರೆಂಟ್ ತೆಗೆದಾಗ ಮಾತ್ರ ಮಕ್ಕಳಿಗೆ ನಕ್ಷತ್ರ ಕಾಣುವುದು ಊರಿಗೆ ಮರ್ಯಾದೆಯಲ್ಲ.

ಬರುವ ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ನೋಡಿಟ್ಟುಕೊಳ್ಳಿ. ಅಂಗಡಿ ಷಟರ್ ಎಳೆದು, ಬೋರ್ಡಿನ ದೀಪ ಆರಿಸಿ, ಮಾಳಿಗೆ ಹತ್ತಿ, ಪಡುವಣಕ್ಕೆ ತಿರುಗಿ ಕ್ಯಾಮೆರಾ ಷಟರ್ ತೆರೆಯಿರಿ. 8 ಸೆಕೆಂಡ್. ಕೋಟೆ ತಾನಾಗಿಯೇ ಬರುತ್ತದೆ.